ಪೂಜೆಗಿಟ್ಟ ಯೆಜ್ಡಿ

ಉಳ್ಳೂರ್, ತಿರುವನಂತಪುರ
೩೦ ಸೆಪ್ಟೆಂಬರ್ ೨೦೨೫, ದುರ್ಗಾಷ್ಟಮಿ

ನನ್ನ ಮುದ್ದು ಮಹತಿಗೆ ಅಮ್ಮನ ಆಶೀರ್ವಾದ. ಆಶೀರ್ವಾದದ ಬೆನ್ನಿಗೇ ಒಂದು ಅಪ್ಪಣೆಯೂ ಇದೆ.

ಮೊದಲು ಈ ಕಾಗೆಕಾಲು ಗುಬ್ಬಿಕಾಲು ಅಕ್ಷರ ನೋಡಿ ನಗಬೇಡ. ಅಂಚೆ ಕಚೇರಿಯಲ್ಲಿ ಅಷ್ಟು ವರ್ಷ ಮುತ್ತು ಪೋಣಿಸಿದ ಹಾಗೆ ಬರೆದವಳ ಕೈ, ಈಗ ಫೋನು ಕುಟ್ಟಿ ಕುಟ್ಟಿ ಹೀಗಾಗಿದೆ ಅಂದುಕೋ. ಫೋನಿನಲ್ಲೇ ಹೇಳಬಾರದಿತ್ತೇ ಅನ್ನುತ್ತೀಯ. ಹೇಳಿ ನೋಡಿದ್ದೇನಲ್ಲ, 'ಅಪ್ಪ' ಅಂದ ಕೂಡಲೇ ನಿನಗೆ ಮೀಟಿಂಗ್ ಬರುತ್ತದೆ. ಅದೂ ಅಲ್ಲದೆ ನಿಮ್ಮಪ್ಪ ಈಚೆಗೆ ನನ್ನ ಪಕ್ಕ ಬಿಟ್ಟು ಕದಲುವುದಿಲ್ಲ, ಫೋನು ಎತ್ತಿದರೆ ಅವರ ಕಿವಿ ಇತ್ತಲೇ. ವಿಡಿಯೋದಲ್ಲಿ ಮುಖ ತೋರಿಸು ಅಂತ ನೀನು ಮೂರು ವಾರದಿಂದ ಕೇಳುತ್ತಿದ್ದೀಯ. ಕ್ಯಾಮೆರಾ ಕೆಟ್ಟಿದೆ, ಹಬ್ಬ ಕಳೆದ ಮೇಲೆ ರಿಪೇರಿಗೆ ಕೊಡುತ್ತೇನೆ. ಹಬ್ಬಕ್ಕೆ ಅಂಚೆಯೂ ರಜೆ, ಆದ್ದರಿಂದ ಈ ಕಾಗದವನ್ನು ಪಕ್ಕದ ಮನೆಯ ಕೌಸಲ್ಯಾ ಚೇಚಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ದಶಮಿಗೆ ಅವರ ಮೊಮ್ಮಗುವಿನ ಅಕ್ಷರಾಭ್ಯಾಸ ಎರ್ನಾಕುಲಂನಲ್ಲೇ. ನಾಳೆ ಮಧ್ಯಾಹ್ನದ ರೈಲು, ಸಂಜೆ ನಿನ್ನ ಬಾಗಿಲಿಗೇ ತಂದು ಕೊಡುತ್ತಾರೆ.

ಅಪ್ಪಣೆ ಏನೆಂದರೆ, ದಶಮಿಯ ದಿನ ಬೆಳಿಗ್ಗೆ ನೀನು ಇಲ್ಲಿಗೆ ಬಂದು ನಿಮ್ಮಪ್ಪನ ಯೆಜ್ಡಿಯನ್ನು ಇನ್ನು ನಿನ್ನದು ಅಂತ ತೆಗೆದುಕೊಂಡು ಹೋಗಬೇಕು. ಕಾಗದ ಮಡಿಸಿಡಬೇಡ, ಪೂರ್ತಿ ಓದು. ನೀನು ಬರದಿದ್ದರೆ ಅವತ್ತೇ ಅವರು ಅದನ್ನು ಹತ್ತಿ ಕನ್ಯಾಕುಮಾರಿಗೆ ಹೊರಡುತ್ತಾರೆ. ಹೊರಟವರು ವಾಪಸ್ಸು ಬರುತ್ತಾರೆ ಅನ್ನುವ ಧೈರ್ಯ ನನಗಿಲ್ಲ.

ಕೆಲವು ತಿಂಗಳಿಂದ ಅವರಿಗೆ ಒಂದು ಥರ ಆಗುತ್ತಿದೆ. ಮಾತಾಡುತ್ತಾ ಇದ್ದ ಹಾಗೇ ನಿಂತುಬಿಡುತ್ತಾರೆ. ಕಣ್ಣು ತೆರೆದೇ ಇರುತ್ತದೆ, ಒಳಗೆ ಯಾರೂ ಇರುವುದಿಲ್ಲ. ಚಟ್ನಿ ಕಲಸುತ್ತಿದ್ದ ಬೆರಳು ತಟ್ಟೆಯಲ್ಲೇ ನಿಂತಿರುತ್ತದೆ. ಸ್ವಲ್ಪ ಹೊತ್ತಿಗೆ ವಾಪಸ್ಸು ಬಂದು, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ. ನಡುವೆ ಏನಾಯಿತು ಅಂದರೆ 'ಏನಾಯ್ತು? ಏನೂ ಆಗ್ಲಿಲ್ವಲ್ಲ' ಅಂತ ನನ್ನನ್ನೇ ಕೇಳುತ್ತಾರೆ. ಮೊದಮೊದಲು ವಯಸ್ಸು ಅಂದುಕೊಂಡೆ, ಆಮೇಲೆ ನನ್ನ ಮೇಲಿನ ಬೇಸರ ಅಂದುಕೊಂಡೆ. ನಗಬೇಡ, ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಮೊದಲು ಹೊಳೆಯುವುದು ಅದೇ.

ಓಣಂ ಮುಗಿದ ವಾರ ಗಾಡಿಯಿಂದ ಬಿದ್ದರು. ನಿನಗೆ ಹೇಳಿರಲಿಲ್ಲ. ಅವರಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ಗಾಬರಿಯಾಗಬೇಡ. ಉಳ್ಳೂರ್ ಜಂಕ್ಷನ್ನಿಗೆ ಇಳಿಯುವ ರಸ್ತೆ ಇದೆಯಲ್ಲ, ಅಲ್ಲಿ. ಮುಂದೆ ಬಸ್ಸು ನಿಂತಿತ್ತಂತೆ. ಇವರ ಗಾಡಿ ನಿಧಾನವೇ ಆಗಲಿಲ್ಲವಂತೆ. ಬಸ್ಸಿನ ಹಿಂದಿನ ಕೆಂಪು ದೀಪ ದೊಡ್ಡದಾಗುತ್ತಾ ಬಂತು. ಕೂಗಿದರೆ ಕೇಳಿಸಲಿಲ್ಲ, ಭುಜ ಹಿಡಿದು ಅಲ್ಲಾಡಿಸಿದರೆ ಮೈ ಮರದ ಹಾಗಿತ್ತು. ಅಂದರೆ, ಹಿಂದೆ ಯಾರಾದರೂ ಕೂತಿದ್ದರೆ ಹಾಗಾಗುತ್ತಿತ್ತು ಅಂತ ನನ್ನ ಊಹೆ. ಅವರು ಒಬ್ಬರೇ ಇದ್ದರು. ಬಸ್ಸು ಇನ್ನೊಂದು ಮಾರು ದೂರ ಅನ್ನುವಾಗ ಗಾಡಿ ವಾಲಿ ರಸ್ತೆಯ ಮೇಲೆ ಮಲಗಿತು. ಹಿಂದಿನಿಂದ ಬರುತ್ತಿದ್ದ ಆಟೋದವನು ಪುಣ್ಯಾತ್ಮ, ಪಕ್ಕಕ್ಕೆ ತಿರುಗಿಸಿಕೊಂಡ.

ಎದ್ದ ಕೂಡಲೇ ಅವರ ಬಾಯಿಂದ ಬಂದ ಮಾತು, 'ರೋಡಲ್ಲಿ ಎಣ್ಣೆ ಚೆಲ್ಲಿದೆ, ಸ್ಕಿಡ್ ಆಯ್ತು.' ಅವತ್ತಿನಿಂದ ಮನೆಗೆ ಬಂದವರಿಗೆಲ್ಲ ಅದೇ ಪಾರಾಯಣ. ಹಾಲಿನವನಿಗೂ ಹೇಳಿದ್ದಾರೆ.

ಮೆಡಿಕಲ್ ಕಾಲೇಜಿನ ಹತ್ತಿರದ ಒಬ್ಬ ಡಾಕ್ಟರಿಗೆ ತೋರಿಸಿದೆವು. ಹೆಣ್ಣುಮಗಳು, ನಿನ್ನ ವಯಸ್ಸಿರಬಹುದು. ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿ, ಇದು ಫಿಟ್ಸಿನ ಒಂದು ಬಗೆ, ಮಾತ್ರೆಯಿಂದ ಹತೋಟಿಗೆ ಬರುತ್ತದೆ, ಆದರೆ ಇನ್ನು ಗಾಡಿ ಮುಟ್ಟಬಾರದು, ಸೈಕಲ್ಲನ್ನೂ ಕೂಡ, ಅಂದಳು. ನಿಮ್ಮಪ್ಪ ಆ ಹುಡುಗಿಗೆ ಶಿಲ್ಲಾಂಗಿನ ಘಾಟಿಯಲ್ಲಿ ಗಾಡಿ ಓಡಿಸಿದ ಕಥೆ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡು, ಅಂಕಲ್, ಅದು ಯಾವ ವರ್ಷ ಅಂತ ಕೇಳಿದಳು. ಆಟೋದಲ್ಲಿ ಮನೆಗೆ ಬರುವಾಗ ನಿಮ್ಮಪ್ಪನ ಬ್ಯಾಂಕ್ ಇನ್‌ಸ್ಪೆಕ್ಟರ್ ವಾದ ಶುರುವಾಯಿತು. 'ಅವಳು ಅಡ್ವೈಸ್ ಅಂದ್ಲು ಕಣೇ. ಆರ್ಡರ್ ಅಂದ್ಲಾ?'

ಅವರ ಹಠ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಎಣ್ಣೆ ಇರಲಿಲ್ಲ ಅಂತ ಒಪ್ಪಿದರೆ ಮಿಕ್ಕಿದ್ದನ್ನೂ ಒಪ್ಪಬೇಕಾಗುತ್ತದೆ. ಅದಕ್ಕೇ ಈ ಕನ್ಯಾಕುಮಾರಿ. ಹೋಗಿ ಬಂದು, ನೋಡಿ ನನಗೇನೂ ಆಗಿಲ್ಲ, ತಪ್ಪು ರಸ್ತೆಯದು ಅಂತ ತೋರಿಸಬೇಕು. ನನಗೆ ಸಿಟ್ಟು ಬರುತ್ತದೆ ಮಹತಿ, ಅಳುವೂ ಬರುತ್ತದೆ, ಎರಡೂ ಒಟ್ಟಿಗೇ ಬಂದು ಯಾವುದನ್ನೂ ಮಾಡಲಾಗದೆ ಸುಮ್ಮನೆ ಕೂರುತ್ತೇನೆ.

ಆ ಗಾಡಿಯ ಮೇಲೆ ನನಗೇನೂ ಕೋಪವಿಲ್ಲ. ಮದುವೆಯಾದ ಹೊಸದರಲ್ಲಿ ಚಾಮುಂಡಿ ಬೆಟ್ಟಕ್ಕೆ ಕೂರಿಸಿಕೊಂಡು ಹೋದದ್ದು ಅದರಲ್ಲೇ. ನಮ್ಮ ಮೈಸೂರಿನ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ. ಬ್ಯಾಂಕಿನವರು ರಾಯಚೂರು, ನಾಗಪುರ, ಶಿಲ್ಲಾಂಗ್ ಅಂತ ಎಲ್ಲಿಗೆ ವರ್ಗ ಮಾಡಿದರೂ ಪಾತ್ರೆಪಡಗ ಲಾರಿಯಲ್ಲಿ, ನಾವು ರೈಲಿನಲ್ಲಿ, ಅವರು ಗಾಡಿಯಲ್ಲಿ. ಶಿಲ್ಲಾಂಗಿನಿಂದ ಇಲ್ಲಿಗೆ ವರ್ಗವಾದಾಗ ದೇಶದ ಆ ತುದಿಯಿಂದ ಈ ತುದಿಗೆ ಅದರ ಮೇಲೇ ಬಂದರು. ಧೂಳು ಮೆತ್ತಿಕೊಂಡು ಬಾಗಿಲಲ್ಲಿ ನಿಂತವರನ್ನು ಗುರುತಿಸದೆ ನೀನು 'ಅಮ್ಮಾ, ಯಾರೋ ಬಂದಿದ್ದಾರೆ' ಅಂದಿದ್ದೆ. ಅಂಥದ್ದನ್ನು ಗುಜರಿಗೆ ಹಾಕು ಅಂತ ಯಾರಾದರೂ ಹೇಳಿದರೆ ಅವರ ಜೊತೆ ಮೊದಲು ಜಗಳಕ್ಕೆ ನಿಲ್ಲುವವಳು ನಾನೇ. ಅದಕ್ಕೆ ಒಂದು ಒಳ್ಳೆಯ ಮನೆ ಬೇಕು, ಅಷ್ಟೇ.

ಮನೆ ಹುಡುಕಲಿಲ್ಲ ಅಂದುಕೊಳ್ಳಬೇಡ. ಡಾಕ್ಟರ ಹತ್ತಿರ ಹೋಗಿ ಬಂದ ವಾರ ಅದೇ ಪಕ್ಕದ ಮನೆಯ, ಕೌಸಲ್ಯಾ ಚೇಚಿಯ ಅಣ್ಣ ಶಂಕರನಾರಾಯಣ ಸಾರ್ ಇವರಿಗೆ ಬುದ್ಧಿ ಹೇಳಲು ಬಂದರು. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಇವರು ಮರ್ಯಾದೆ ಕೊಡುವ ಒಬ್ಬರೇ ಒಬ್ಬರು. ಅವರ ಮುಂದೆ ನಿಮ್ಮಪ್ಪ ಎದೆ ತಟ್ಟಿ ಹೇಳಿದರು, 'ಕೊಡಲ್ಲ ಅಂತ ನಾನೆಲ್ಲಿ ಅಂದೆ ಸಾರ್? ತಕ್ಕೋರು ಬರ್ಲಿ, ಬಂದ ದಿನವೇ ಕೊಡ್ತೀನಿ. ಇದು ನನ್ನ ಮಾತು.' ಯಾರೂ ಬರುವುದಿಲ್ಲ ಅನ್ನುವ ಧೈರ್ಯದ ಮೇಲೆ ಕೊಟ್ಟ ಮಾತು ಅದು. ಇದ್ದಷ್ಟು ದಿನ ಗಾಡಿ ನನ್ನದು ಅನ್ನುವ ಹುನ್ನಾರ.

ಅವರ ಎಣಿಕೆ ತಪ್ಪಲಿಲ್ಲ. ಬ್ಯಾಂಕಿನ ಸ್ನೇಹಿತರ ಮಗ ಯುವರಾಜ್ ಬಂದ, ಇಲ್ಲಿ ಟೆಕ್ನೋಪಾರ್ಕಿನಲ್ಲಿ ಇರುವವನು. ಕೀಲಿಕೈ ಕೊಟ್ಟು ಸ್ಟಾರ್ಟ್ ಮಾಡಪ್ಪ ಅಂದರು. ಅವನು ಬಲಗಡೆ ಬಗ್ಗಿ ಕಿಕ್ ಹುಡುಕಿದ. ಆ ಗಾಡಿಗೆ ಎಡಗಡೆ, ಕಿಕ್ ಹೊಡೆಯುವ ಸಲಾಕೆಯೇ ಗೇರು ಅಂತ ನೀನು ಫ್ರಾಕು ಹಾಕುವ ಕಾಲದಿಂದ ಬಲ್ಲೆ. ಅಷ್ಟಾದರೂ ಸಹಿಸಿಕೊಂಡರು. ಅವನು ಟ್ಯಾಂಕಿಗೆ ಕಪ್ಪು ಬಣ್ಣ ಬಳಿಸಿ ಸೈಲೆನ್ಸರ್ ಕತ್ತರಿಸುತ್ತೇನೆ ಅಂದಾಗ ಕಾಫಿ ಕುಡಿದು ಹೊರಡು ಅಂದರು. ಆಮೇಲೆ ನಿಮ್ಮ ಎರ್ನಾಕುಲಂನಿಂದಲೇ ಒಬ್ಬ ಬಂದ, ಕಾಫಿ ಅಂಗಡಿ ಇಟ್ಟಿದ್ದಾನಂತೆ. ಗಾಡಿಯನ್ನು ಗೋಡೆಗೆ ಏರಿಸಿ ಕೆಳಗೆ ದೀಪ ಹಾಕುತ್ತಾನಂತೆ. ಅವನಿಗೆ ಬೇಡ ಅಂದವಳು ನಾನೇ. ಶಿಲ್ಲಾಂಗಿನ ಘಾಟಿ ಕಂಡು ಬಂದದ್ದನ್ನು ಕಾಫಿ ಕಾಸುವ ಕಡೆ ಗೋಡೆಗೆ ನೇತುಹಾಕುವುದು ಅಂದರೆ ಏನು?

ಅವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮಪ್ಪ ಗೆದ್ದವರ ಹಾಗೆ ನನಗೆ ವಿವರಿಸಿದರು. ತಕ್ಕವರು ಅಂದರೆ ಸುಮ್ಮನೆ ಅಲ್ಲ, ಸುಮಿ. ಇಂಜಿನ್ ತಾನೇ ಬಿಚ್ಚಿ ತಾನೇ ಜೋಡಿಸುವಂಥವರಾಗಬೇಕು. ಶೋಕಿಗೆ ಇಟ್ಟುಕೊಳ್ಳದೆ ದಿನಾ ಓಡಿಸಬೇಕು. ಕೈಗೆ ಗ್ರೀಸ್ ಆದರೆ ಮುಖ ಸಿಂಡರಿಸಬಾರದು. ಅದರ ಸದ್ದು ಕೇಳಿಯೇ ಏನು ಕೆಟ್ಟಿದೆ ಅಂತ ಹೇಳಬೇಕು. ಹೀಗೆ ಹೇಳುತ್ತಾ ಹೋದರು, ನಾನು ಸಾರು ಬಡಿಸುವುದನ್ನೂ ಮರೆತು ಕೂತೆ. ಎರ್ನಾಕುಲಂನ ದೋಣಿ ಕಟ್ಟೆಯಲ್ಲಿ ಡೀಸೆಲ್ ಇಂಜಿನ್ನುಗಳನ್ನು ಬಿಚ್ಚಿ ಹರಡಿಕೊಂಡು ಕೂರುವ ನನ್ನ ಮಗಳನ್ನು ಈ ಮನುಷ್ಯ ತಲೆಯಿಂದ ಕಾಲಿನವರೆಗೆ ವರ್ಣಿಸುತ್ತಿದ್ದಾರೆ, ವರ್ಣಿಸುತ್ತಿದ್ದೇನೆ ಅಂತ ಅವರಿಗೇ ಗೊತ್ತಿಲ್ಲ!

ನಿನಗೆ ಈಗ ಏನು ನೆನಪಾಗುತ್ತಿದೆ ಅಂತ ನನಗೆ ಗೊತ್ತು. ಕಾಲೇಜಿನ ಕೊನೆಯ ವರ್ಷ ನೀನು ಹೇಳದೆ ಕೇಳದೆ ಗಾಡಿ ತೆಗೆದುಕೊಂಡು ಕೋವಳಂಗೆ ಹೋದೆ. ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು ಅನ್ನುವುದನ್ನು ಮರೆತೆ, ಇಂಜಿನ್ ಕಚ್ಚಿಕೊಂಡು ನಿಂತಿತು. ಮೆಕ್ಯಾನಿಕಲ್ ಓದುವವಳು ಎಣ್ಣೆ ಮರೆತಳು ಅನ್ನುವುದು ಅವರಿಗೆ ದೊಡ್ಡ ತಮಾಷೆಯಾಯಿತು. ಊರಿಗೆಲ್ಲ ಹೇಳಿದರು. ಬೀದಿಯ ಗಂಡುಹುಡುಗರಿಗೆಲ್ಲ ಓಡಿಸಲು ಕಲಿಸಿದರು, ನಿನಗೆ ಮಾತ್ರ ಮತ್ತೆ ಕೀಲಿಕೈ ಕೊಡಲಿಲ್ಲ. ಕೊನೆಗೆ ನಾಲ್ಕು ವರ್ಷದ ಹಿಂದೆ ನಿನ್ನನ್ನು ನೋಡಲು ಬಂದವರ ಮುಂದೆಯೂ ಅದೇ ಕಥೆ ಶುರುಮಾಡಿದರು. ನೀನು ಕಾಫಿಯ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಮಲಯಾಳಂನಲ್ಲಿ ಏನೋ ಅಂದು ಹೊರಟೆ. ಕೋಪ ಬಂದರೆ ನಿನಗೆ ಕನ್ನಡ ಮರೆತುಹೋಗುತ್ತದೆ. ಅವತ್ತಿನಿಂದ ಈ ಮನೆಯ ಹೊಸಿಲು ತುಳಿದಿಲ್ಲ. ನಿನ್ನನ್ನು ನೋಡಬೇಕು ಅನ್ನಿಸಿದರೆ ನಾನೇ ರೈಲು ಹತ್ತುತ್ತೇನೆ.

ನೀನು ಮಾಡಿದ್ದು ಸರಿ ಅಂತ ಹೇಳುವುದಿಲ್ಲ, ತಪ್ಪು ಅಂತಲೂ ಹೇಳಲಾರೆ. ಒಂದು ಮಾತ್ರ ಹೇಳುತ್ತೇನೆ. ನೀನು ಮರೆತ ಎಣ್ಣೆಯನ್ನು ಊರಿಗೆಲ್ಲ ಸಾರಿದವರು, ಈಗ ರಸ್ತೆಯಲ್ಲಿ ಇಲ್ಲದ ಎಣ್ಣೆಯನ್ನು ಸಾರುತ್ತಾ ಕೂತಿದ್ದಾರೆ. ಅವರನ್ನು ನೋಡಿದರೆ ನಿನಗೆ ನಗು ಬರುವುದಿಲ್ಲ, ನನ್ನಾಣೆ.

ಇನ್ನು ನಾನು ಹೂಡಿದ ಆಟ ಕೇಳು. ನಿನ್ನೆ ಸಂಜೆ ಇಲ್ಲಿಯವರ ಪದ್ಧತಿಯಂತೆ ಸರಸ್ವತಿಯ ಮುಂದೆ ಪುಸ್ತಕ, ಹತ್ಯಾರು ಎಲ್ಲವನ್ನೂ ಪೂಜೆಗೆ ಇಟ್ಟರಲ್ಲ. ಒಮ್ಮೆ ಇಟ್ಟರೆ ದಶಮಿಯ ಬೆಳಗಿನವರೆಗೆ ಯಾರೂ ಮುಟ್ಟುವ ಹಾಗಿಲ್ಲ. ನೀನು ಪರೀಕ್ಷೆಯ ಪುಸ್ತಕಗಳನ್ನೆಲ್ಲ ಅಲ್ಲಿಟ್ಟು ಓದಿನಿಂದ ತಪ್ಪಿಸಿಕೊಳ್ಳುತ್ತಿದ್ದೆಯಲ್ಲ, ಅದೇ ಉಪಾಯ. ನಿಮ್ಮಪ್ಪನಿಗೆ ಹೇಳಿದೆ, ರೀ, ನೀವು 'ಬ್ರಾಂಚ್ ಬ್ರಾಂಚ್' ಅಂತ ಊರೂರು ಸುತ್ತಿದ್ದು ಇದರ ಮೇಲಲ್ಲವೇ, ನಿಮ್ಮ ಹತ್ಯಾರು ಅಂದರೆ ಇದೇ, ಒಂದು ಸಲವಾದರೂ ಸಾರ್ ಮನೆಯ ಸರಸ್ವತಿಯ ಪೂಜೆಗೆ ಇಡಬಾರದೇ. ಮನುಷ್ಯ ಕರಗಿ ನೀರಾದರು. ಹಳೆಯ ಬನೀನಿನಿಂದ ಉಜ್ಜಿ ಉಜ್ಜಿ ಟ್ಯಾಂಕಿನಲ್ಲಿ ಮುಖ ಕಾಣುವ ಹಾಗೆ ಮಾಡಿದರು. ತಾವೇ ತಳ್ಳಿಕೊಂಡು ಹೋಗಿ ಸಾರ್ ಮನೆಯ ಪೋರ್ಟಿಕೋದಲ್ಲಿ ನಿಲ್ಲಿಸಿ, ಗಂಧ ಹಚ್ಚಿ, ಮೇಲೆ ನನ್ನ ರೇಷ್ಮೆ ಸೀರೆ ಹೊದಿಸಿದರು. ಕೀಲಿಕೈ ಒಳಗೆ ಮಣೆಯ ಮೇಲೆ, ಮಕ್ಕಳ ಪಾಠಪುಸ್ತಕ ಮತ್ತು ಸಾರ್ ಅವರ ಪೆನ್ನಿನ ನಡುವೆ. ದೀಪ ಹಚ್ಚಿದಾಗ ನಾನು ದೇವಿಯ ಹತ್ತಿರ ಬೇಡಿಕೊಂಡದ್ದು ವಿದ್ಯೆಯನ್ನಲ್ಲ, ಎರಡು ದಿನದ ಕಾಲಾವಕಾಶವನ್ನು.

ಇಷ್ಟು ಬರೆಯುವುದರಲ್ಲಿ ಸಂಜೆಯಾಯಿತು, ಕೈ ಸೋತಿದೆ. ಅವರು ಬರುವ ಸದ್ದಾಗುತ್ತಿದೆ, ಕಾಗದವನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತೇನೆ.

೧ ಅಕ್ಟೋಬರ್, ಮಹಾನವಮಿ

ಮಹತಿ, ನನ್ನ ಆಟ ಅರ್ಧ ಕೆಟ್ಟಿತು. ದಶಮಿಯವರೆಗೆ ನಿಶ್ಚಿಂತೆ ಅಂದುಕೊಂಡಿದ್ದೆನಲ್ಲ, ನಮ್ಮ ಮೈಸೂರಿನ ಲೆಕ್ಕ ನನಗೇ ಮರೆತುಹೋಗಿತ್ತು. ನಮಗೆ ನವಮಿಯೇ ಆಯುಧ ಪೂಜೆ. ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಅದರ ಮೇಲೆ ಹತ್ತಿಸಿ ಗಾಡಿಯನ್ನು ಒಂದು ಸುತ್ತು ಓಡಿಸಿದರೇ ಪೂಜೆ ಮುಗಿದ ಹಾಗೆ. ಇಲ್ಲಿಯವರು ಮುಟ್ಟಬಾರದು ಅನ್ನುವ ದಿನವೇ ನಮ್ಮವರು ಓಡಿಸಬೇಕು ಅನ್ನುತ್ತಾರೆ. ಇಷ್ಟು ವರ್ಷ ಇಲ್ಲಿದ್ದು ಈ ಎರಡನ್ನೂ ಒಟ್ಟಿಗೆ ಯೋಚಿಸಲಿಲ್ಲವಲ್ಲ ನಾನು.

ಬೆಳಿಗ್ಗೆ ನಾನು ಎದ್ದಾಗ ಅವರು ಸ್ನಾನ ಮಾಡಿ ಪಂಚೆ ಉಟ್ಟು ಆಗಿತ್ತು. ಚಾಲ ಮಾರ್ಕೆಟ್ಟಿನಿಂದ ನಿನ್ನೆಯೇ ತಂದಿಟ್ಟಿದ್ದ ಬೂದುಗುಂಬಳ ಕಂಕುಳಲ್ಲಿ, ಎರಡು ನಿಂಬೆಹಣ್ಣು ಕೈಯಲ್ಲಿ. ಎಲ್ಲಿಗೆ ಅಂದೆ. 'ಪೂಜೆಗೆ. ಒಂದು ಸುತ್ತು ಹೊಡೆದು ಬರ್ತೀನಿ' ಅಂದರು, ಹಾಲು ತರಲು ಹೊರಟವರ ಹಾಗೆ. ಹಿಂದೆಯೇ ಓಡಿದೆ.

ಪೋರ್ಟಿಕೋದಲ್ಲಿ ಸೀರೆ ಸರಿಸಿ ಮುಂದಿನ ಚಕ್ರಕ್ಕೆ ಒಂದು ನಿಂಬೆಹಣ್ಣು ಇಟ್ಟರು. ಕೌಸಲ್ಯಾ ಚೇಚಿ 'ಅಯ್ಯೋ' ಅಂದು ಅಣ್ಣನನ್ನು ಕೂಗಿದರು. ಶಂಕರನಾರಾಯಣ ಸಾರ್ ಬಂದು ಬಾಗಿಲಿಗೆ ಅಡ್ಡ ನಿಂತು, 'ತೊಡಾನ್ ಪಾಡಿಲ್ಲ ಸಾರೇ, ನಾಳೆ ಎಡುಕ್ಕಾಂ' ಅಂದರು, ಮುಟ್ಟಬಾರದು, ನಾಳೆ ತೆಗೆಯೋಣ ಅಂತ, ಬಹಳ ಮೆಲ್ಲಗೆ. ನಿಮ್ಮಪ್ಪನ ಮುಖ ಕೆಂಪಾಯಿತು. 'ಗಾಡಿ ನನ್ನದು ಸಾರ್. ನವಮಿ ದಿನ ಓಡದೇ ಇದ್ರೆ ಅದ್ಯಾವ ಆಯುಧ ಪೂಜೆ? ನಿಮ್ಮ ಪದ್ಧತಿ ನಿಮಗೆ, ನಮ್ಮದು ನಮಗೆ' ಅಂದವರೇ ಸಾರ್ ಪಕ್ಕದಿಂದ ನುಗ್ಗಿ ಒಳಗೆ ಹೋದರು. ನಾನು ಎಡಗೈಯಲ್ಲಿ ಅವರ ತೋಳು ಹಿಡಿದೆ, ಕೊಡವಿಕೊಂಡರು. ಮಣೆಯ ಮುಂದೆ ಬಗ್ಗಿ ಕೀಲಿಕೈಗೆ ಕೈ ಚಾಚಿದರು.

ಕೈ ಅಲ್ಲೇ ನಿಂತಿತು.

ಮೊದಲು ದೇವರಿಗೆ ಹೆದರಿ ನಿಂತರು ಅಂದುಕೊಂಡೆ. ಆಮೇಲೆ ಕಣ್ಣು ನೋಡಿದೆ. ಇನ್ನೊಂದು ಕೈಯಲ್ಲಿದ್ದ ನಿಂಬೆಹಣ್ಣು ಜಾರಿ ಬಿದ್ದು, ಉರುಳಿ, ಮಣೆಯ ಕೆಳಗೆ ಹೋಯಿತು. ಕಂಕುಳ ಕುಂಬಳಕಾಯಿಯನ್ನು ಸಾರ್ ಹಿಡಿದುಕೊಂಡರು, ಇಲ್ಲದಿದ್ದರೆ ಅದೂ ಅವರ ಕಾಲ ಮೇಲೆ ಬೀಳುತ್ತಿತ್ತು. ಇದೇ ಅವರು ಗಾಡಿಯ ಮೇಲೆ ಇರುವಾಗ ಆಗಿದ್ದರೆ ಅಂತ ನಮ್ಮ ಮೂವರಿಗೂ ಹೊಳೆಯಿತು.

ವಾಪಸ್ಸು ಬಂದಾಗ ಅವರು ಕೀಲಿಕೈ ನೋಡಲಿಲ್ಲ. ತಮ್ಮ ಖಾಲಿ ಕೈ ನೋಡಿಕೊಂಡು, 'ನಿಂಬೆಹಣ್ಣು ಎಲ್ಲಿ?' ಅಂದರು. ನನ್ನ ಮುಖ ನೋಡಿದರು, ಚೇಚಿಯ ಮುಖ ನೋಡಿದರು. ಸಾರ್ ಮಣೆಯ ಕೆಳಗೆ ಕೈ ಹಾಕಿ ಹಣ್ಣು ತೆಗೆದು ಅವರ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಕಾಫಿ ಕುಡಿಯೋಣ ಬನ್ನಿ ಅಂದರು. ನಿಮ್ಮಪ್ಪ ಕಾಫಿಯನ್ನೂ ಕುಡಿಯದೆ ಮನೆಗೆ ನಡೆದರು.

ಆಗಿನಿಂದ ಒಂದು ಮಾತಿಲ್ಲ. ಈ ಮೌನ ಒಪ್ಪಿಗೆಯೋ ಹಠವೋ ನನಗೆ ತಿಳಿಯುತ್ತಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ದೂರ ಪ್ರಯಾಣಕ್ಕೆ ಹಾಕುವ ಬೂಟಿಗೆ ಪಾಲಿಶ್ ಹಾಕುತ್ತಿದ್ದಾರೆ, ಆ ಬ್ರಷ್ಷಿನ ಸದ್ದು ಇಲ್ಲಿಯವರೆಗೂ ಕೇಳುತ್ತಿದೆ. ಚೇಚಿಯನ್ನು ತಂಪಾನೂರಿನ ರೈಲು ನಿಲ್ದಾಣದವರೆಗೆ ಆಟೋದಲ್ಲಿ ಬಿಟ್ಟು ಬರಲಿ ಅಂತ ಸಾರ್ ಹೇಳಿದ್ದಾರೆ, ಅದಕ್ಕೆ ಮಾತ್ರ ತಲೆ ಆಡಿಸಿದರು. ಮನೆಯಲ್ಲಿ ಕೂತು ನಾಳೆಯ ದಾರಿ ಯೋಚಿಸುವುದಕ್ಕಿಂತ ಅದೇ ವಾಸಿ.

ಇನ್ನು ನಿನ್ನ ಮೇಲಿದೆ. ಇವತ್ತು ರಾತ್ರಿಯ ರೈಲೋ ಬಸ್ಸೋ ಹಿಡಿ. ಇಲ್ಲಿ ನಮ್ಮ ಮನೆಗೆ ಬರಬೇಡ, ನೇರ ಸಾರ್ ಮನೆಗೆ ಬಾ. ಬೆಳಗಿನ ಪೂಜೆಯಾಗಿ ಮಣೆ ಎತ್ತುವ ಹೊತ್ತಿಗೆ ನೀನು ಅಲ್ಲಿರಬೇಕು. ನಿಮ್ಮಪ್ಪ ಬೈಯಬಹುದು, ಅಥವಾ ನಿನ್ನನ್ನು ನೋಡಿಯೂ ನೋಡದ ಹಾಗೆ ನಿಲ್ಲಬಹುದು, ಅದು ಇನ್ನೂ ಕಷ್ಟ. ನೀನು ಒಂದೇ ಮಾತು ಕೇಳು. ತಕ್ಕವರು ಬಂದರೆ ಕೊಡುತ್ತೇನೆ ಅಂದಿದ್ದೀರಂತೆ, ಬಂದಿದ್ದೇನೆ ಅನ್ನು. ಕನ್ನಡದಲ್ಲೇ ಹೇಳು. ಸಾರ್ ಸಾಕ್ಷಿ ಇದ್ದಾರೆ, ಅವರೆದುರು ಕೊಟ್ಟ ಮಾತು ತಪ್ಪುವವರಲ್ಲ ನಿಮ್ಮಪ್ಪ. ಅವರ ಮೇಲೆ ನಿನಗಿರುವ ಕೋಪವನ್ನು ಬಿಡು ಅನ್ನುತ್ತಿಲ್ಲ, ಅದನ್ನೂ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗು. ಅವರು ಬದುಕಿದ್ದರೆ ತಾನೇ ಮುಂದೆ ಜಗಳವಾಡುವುದಕ್ಕೆ?

ಅಲ್ಲಿಗೆ ಹೋದಮೇಲೆ ದೋಣಿ ಕಟ್ಟೆಯ ಉಪ್ಪು ಗಾಳಿಗೆ ಬಿಡಬೇಡ, ತುಕ್ಕು ಹಿಡಿಯುತ್ತದೆ. ಸೂರಿನ ಕೆಳಗೆ ನಿಲ್ಲಿಸು. ನನ್ನ ರೇಷ್ಮೆ ಸೀರೆಯನ್ನು ಮಾತ್ರ ವಾಪಸ್ಸು ಕೊಟ್ಟು ಹೋಗು.

ದಾರಿ ಕಾಯುವ ನಿನ್ನ ಅಮ್ಮ,
ಸುಮಿತ್ರ

ತಾ.ಕ.: ಪೆಟ್ರೋಲಿಗೆ ಎಣ್ಣೆ ಲೀಟರಿಗೆ ಒಂದು ಮುಚ್ಚಳ. ಈ ಸಲ ಮರೆತರೆ ನಾನೇ ಊರಿಗೆಲ್ಲ ಹೇಳುತ್ತೇನೆ.

ತಾ.ಕ.: ಮಹತಿ, ಇಲ್ಲಿಂದ ಮುಂದೆ ಅಕ್ಷರ ನನ್ನದು. ತಂಪಾನೂರಿನ ಪ್ಲಾಟ್‌ಫಾರಂನಲ್ಲಿ ಕೂತು ಬರೆಯುತ್ತಿದ್ದೇನೆ. ಕೌಸಲ್ಯಾ ಚೇಚಿ ಈ ಲಕೋಟೆಯನ್ನು ನನ್ನ ಕೈಗೆ ಕೊಟ್ಟು, ಸುಮಿತ್ರಳಿಗೆ ಒಂದು ಕೈಯಲ್ಲಿ ಅಂಟಿಸಲು ಆಗಲಿಲ್ಲ, ನೀವೇ ಅಂಟಿಸಿ ಎಂದರು. ಅಂಟಿಸುವ ಮೊದಲು ಓದಿದೆ. ಚೇಚಿ ಅದಕ್ಕೇ ಕೊಟ್ಟರು ಎಂದು ಕಾಣುತ್ತದೆ, ಈಗ ಬೇರೆ ಕಡೆ ನೋಡುತ್ತಾ ಚಹಾ ಕುಡಿಯುತ್ತಿದ್ದಾರೆ.

ನಿಮ್ಮಮ್ಮನ ಬರಹದಲ್ಲಿ ತಪ್ಪುಗಳಿವೆ, ತಿದ್ದುತ್ತೇನೆ. ಎಣ್ಣೆಯನ್ನು ಮುಚ್ಚಳದಲ್ಲಿ ಅಳೆಯಬಾರದು, ಲೀಟರಿಗೆ ನಲವತ್ತು ಎಂಎಲ್. ಫೋನಿನ ಕ್ಯಾಮೆರಾ ಕೆಟ್ಟಿಲ್ಲ. ಉಳ್ಳೂರಿನಲ್ಲಿ ನಾನು ಒಬ್ಬನೇ ಇರಲಿಲ್ಲ, ಹಿಂದೆ ಅವಳು ಕೂತಿದ್ದಳು. ಬಲಗೈಯ ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ. ಇದೆಲ್ಲವನ್ನೂ ಎಡಗೈಯಲ್ಲಿ ಬರೆದಿದ್ದಾಳೆ. ನಿನಗೆ ತಿಳಿದರೆ ನೀನು ನನ್ನ ಮೇಲಿನ ಸಿಟ್ಟಿಗೆ ಬರುತ್ತೀಯೇ ಹೊರತು ಗಾಡಿಗಾಗಿ ಬರುವುದಿಲ್ಲ ಎಂದು ಮುಚ್ಚಿಟ್ಟಳು. ಯಾವುದಕ್ಕಾದರೂ ಸರಿ, ಬಾ.

ರಸ್ತೆಯಲ್ಲಿ ಎಣ್ಣೆ ಇರಲಿಲ್ಲ.

ನಿಂಬೆಹಣ್ಣು ಯಾವಾಗ ಕೈಬಿಟ್ಟಿತೆಂದು ಈಗಲೂ ನನಗೆ ಗೊತ್ತಿಲ್ಲ. ಅದು ಉರುಳಿದ್ದನ್ನು ಅವಳ ಕಾಗದದಲ್ಲಿ ಓದಿ ತಿಳಿದೆ. ನಿನ್ನ ಕೋವಳಂ ಕಥೆಯನ್ನು ಇನ್ನು ಯಾರಿಗೂ ಹೇಳುವುದಿಲ್ಲ. ಹೇಳಬೇಕೆನಿಸಿದರೆ ಈಗ ನನ್ನದೇ ಒಂದಿದೆ.

ಕನ್ಯಾಕುಮಾರಿಗೆ ಬಸ್ಸಿದೆ. ಬೂಟಿಗೆ ಪಾಲಿಶ್ ಹಾಕಿದ್ದು ನಿನಗೆ, ನಿನ್ನ ಪಾದ ನನ್ನದರಷ್ಟೇ ಉದ್ದ ಎಂದು ನಿಮ್ಮಮ್ಮ ಯಾವಾಗಲೋ ಹೇಳಿದ್ದಳು. ಯಾರಿಗೆ ಕೊಡುವುದೆಂದು ಆಗಲೇ ಗೊತ್ತಿತ್ತು, ಕೇಳುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ. ಹೆಲ್ಮೆಟ್ ನಿನ್ನದೇ ತಾ, ನನ್ನದು ಸಡಿಲವಾಗುತ್ತದೆ. ಮಣೆಯ ಮೇಲಿನ ಕೀಲಿಕೈಯನ್ನು ನೀನೇ ಎತ್ತು. ಎರಡು ನಿಂಬೆಹಣ್ಣನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ಬೆಳಗಿನವರೆಗೆ ಬಾಡುವುದಿಲ್ಲ. ನೀನು ಅದರ ಮೇಲೆ ಹತ್ತಿಸಿ ಹೊರಡುವಾಗ ಬೂದುಗುಂಬಳ ಒಡೆಯಲು ನಾನು ಗೇಟಿನ ಹತ್ತಿರ ನಿಂತಿರುತ್ತೇನೆ.

ಅಪ್ಪ